ಮತ್ತೆ ಮತ್ತೆ ಅದೇ ಇಂಜಿನ್ ತೊಂದರೆ: ಜಾಬ್ ಕಾರ್ಡ್‌ನಿಂದ ಗ್ರಾಹಕರ ಆಯೋಗದವರೆಗೆ

ವಾರಂಟಿಯಲ್ಲಿರುವ ಕಾರಿನ ಇಂಜಿನ್ ಒಂದೇ ತೊಂದರೆಗೆ ಎರಡನೇ ಸಲ ವರ್ಕ್‌ಶಾಪ್ ಸೇರಿತೆಂದರೆ ಆ ದಿನದಿಂದಲೇ ದಾಖಲೆ ಮಾಡಲು ಶುರುಮಾಡಿ. ಹೆಚ್ಚಿನವರು ಐದಾರು ಸಲ ಅಲೆದು, ಸಿಟ್ಟು ನೆತ್ತಿಗೇರಿದ ಮೇಲೆ ಕಾಗದ ಹುಡುಕುತ್ತಾರೆ. ಅಷ್ಟರಲ್ಲಿ ಕೈಯಲ್ಲಿ ಇರುವುದು ‘ಜನರಲ್ ಚೆಕಪ್ ಡನ್, ವೆಹಿಕಲ್ ಓಕೆ’ ಎಂದು ಬರೆದ ನಾಲ್ಕು ಬಿಲ್ಲು ಮಾತ್ರ. ಗಾಡಿ ಸರಿಯಿತ್ತು ಎಂದು ಸಾಧಿಸಲು ಕಂಪನಿಯ ವಕೀಲರು ಮುಂದೆ ಆಯೋಗದಲ್ಲಿ ತೋರಿಸುವುದೂ ಅದೇ ಬಿಲ್ಲುಗಳನ್ನು.

ಜಾಬ್ ಕಾರ್ಡ್‌ನಲ್ಲಿ ಏನು ಬರೆಸಬೇಕು

ನಿಮ್ಮ ದೂರಿಗೆ ಇರುವ ಅತ್ಯಂತ ಗಟ್ಟಿ ಸಾಕ್ಷಿ ಜಾಬ್ ಕಾರ್ಡ್, ಅಂದರೆ ಗಾಡಿ ಬಿಡುವಾಗ ವರ್ಕ್‌ಶಾಪಿನವರು ನಿಮ್ಮ ದೂರು ಬರೆದುಕೊಳ್ಳುವ ಕಾಗದ. ‘ಪಿಕಪ್ ಇಲ್ಲ’, ‘ಸೌಂಡ್ ಬರ್ತದೆ’ ಎಂದಷ್ಟೇ ಹೇಳಿದರೆ ಸರ್ವಿಸ್ ಅಡ್ವೈಸರ್ ಅದನ್ನೇ ಕಂಪ್ಯೂಟರಿಗೆ ಹಾಕುತ್ತಾರೆ. ಮುಂದಿನ ಸಲ ಇನ್ನೊಬ್ಬರು ಕೂತಿರುತ್ತಾರೆ, ಅವರು ‘ರನ್ನಿಂಗ್ ರಿಪೇರ್’ ಎಂದು ಹಾಕುತ್ತಾರೆ. ಎರಡೂ ಒಂದೇ ದೋಷ ಎಂದು ಆಮೇಲೆ ತೋರಿಸುವುದು ಕಷ್ಟ. ಆದ್ದರಿಂದ ದೂರನ್ನು ಮನೆಯಲ್ಲೇ ಕೂತು ನಾಲ್ಕು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಪ್ರತಿ ಸಲವೂ ಅದೇ ಪದಗಳು ಕಾರ್ಡಿಗೆ ಹೋಗಲಿ. ಉದಾಹರಣೆಗೆ:

‘ಇಂಜಿನ್ ಬಿಸಿಯಾದ ಮೇಲೆ, ಮೂರನೇ ಗೇರಿನಲ್ಲಿ, 1,800ರಿಂದ 2,200 ಆರ್‌ಪಿಎಂ ನಡುವೆ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಗಾಡಿ ಜರ್ಕ್ ಹೊಡೆಯುತ್ತದೆ. ಚೆಕ್ ಇಂಜಿನ್ ಲೈಟ್ ಮಿನುಗುತ್ತದೆ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿ. ಇದೇ ದೂರು ಹಿಂದೆ ಇಂಥ ಜಾಬ್ ಕಾರ್ಡ್ ನಂಬರಿನಲ್ಲಿ ದಾಖಲಾಗಿದೆ.’

ಕೊನೆಯ ವಾಕ್ಯವನ್ನು ಬಿಡಲೇಬೇಡಿ. ಹಳೆಯ ಕಾರ್ಡಿನ ನಂಬರು ಹೊಸದರಲ್ಲಿ ಸೇರಿದರೆ ‘ರಿಪೀಟ್ ಜಾಬ್’ ಎಂಬುದು ಅವರ ಕಾಗದದಲ್ಲೇ ಬಂದಂತಾಯಿತು. ಗಾಡಿ ಬಿಡುವಾಗ ಓಡೋಮೀಟರ್ ರೀಡಿಂಗ್, ದಿನಾಂಕ, ಸಮಯ ಸರಿಯಿದೆಯೇ ನೋಡಿ ಸಹಿ ಮಾಡಿ, ಕಾರ್ಡಿನ ಫೋಟೋ ತೆಗೆದುಕೊಳ್ಳಿ. ವಾಪಸ್ ಪಡೆಯುವಾಗ ಮೂರು ವಿಷಯ ಬರಹದಲ್ಲಿ ಕೇಳಿ: ಏನು ಸಿಕ್ಕಿತು, ಯಾವ ಭಾಗ ಬದಲಾಯಿತು (ಪಾರ್ಟ್ ನಂಬರ್ ಸಹಿತ), ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದರೆ ಹಳೆಯ ಮತ್ತು ಹೊಸ ಆವೃತ್ತಿಯ ನಂಬರು. ವಾರಂಟಿಯಲ್ಲಿ ತೆಗೆದ ಹಳೆಯ ಭಾಗ ಕಂಪನಿಗೇ ಹೋಗುತ್ತದೆ, ನಿಮಗೆ ಕೊಡುವುದಿಲ್ಲ. ಫೋಟೋ ತೆಗೆಯಲು ಯಾರ ಅಡ್ಡಿಯೂ ಇರಬಾರದು.

ತೊಂದರೆ ಬಿಡದಿದ್ದರೆ ‘ಕಸ್ಟಮರ್ ಸ್ಯಾಟಿಸ್ಫೈಡ್’ ಎಂಬಲ್ಲಿ ಸಹಿ ಹಾಕಬೇಡಿ. ಹಾಕಲೇಬೇಕಾಗಿ ಬಂದರೆ ಪಕ್ಕದಲ್ಲಿ ‘ದೋಷ ಸರಿಯಾದ ಬಗ್ಗೆ ಖಚಿತವಿಲ್ಲ, ಓಡಿಸಿ ನೋಡಿ ತಿಳಿಸುವೆ’ ಎಂದು ಕೈಬರಹದಲ್ಲಿ ಬರೆದು ಸಹಿ ಮಾಡಿ.

ದೋಷ ಅವರ ಮುಂದೆಯೇ ಕಾಣಿಸುವಂತೆ ಮಾಡುವುದು

‘ನಮಗೆ ಬರ್ಲೇ ಇಲ್ಲ ಸಾರ್’ ಎಂಬ ಉತ್ತರಕ್ಕೆ ಕಾರಣ ಬಹುಪಾಲು ಟ್ರಯಲ್ ಓಡಿಸಿದ ರಸ್ತೆಯಲ್ಲಿದೆ. ತಣ್ಣಗಿನ ಇಂಜಿನ್, ಖಾಲಿ ಗಾಡಿ, ಹೆದ್ದಾರಿಯ ಸಮತಟ್ಟಿನಲ್ಲಿ ಮೂರ್ನಾಲ್ಕು ಕಿಲೋಮೀಟರ್. ಇಂಜಿನ್ ಮೇಲೆ ಹೊರೆ ಬೀಳದೆ ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಆಗಲಿ, ಟರ್ಬೊ ಅಥವಾ ಫ್ಯೂಯಲ್ ಪ್ರೆಶರಿನ ದೋಷವಾಗಲಿ ಹೊರಬರುವುದು ಕಡಿಮೆ. ಟೆಕ್ನಿಷಿಯನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೋಗುತ್ತೇನೆ ಎಂದು ಮೊದಲೇ ಸಮಯ ಗೊತ್ತು ಮಾಡಿ. ಮಂಗಳೂರಿನಲ್ಲಾದರೆ ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಎಸಿ ಹಾಕಿ, ನಾಲ್ಕು ಜನರನ್ನು ಕೂರಿಸಿಕೊಂಡು ಹತ್ತಿಸಿ. ಉಡುಪಿಯಲ್ಲಿ ಮಣಿಪಾಲಕ್ಕೆ ಹತ್ತುವ ರಸ್ತೆ ಇದೆ. ಘಟ್ಟದಲ್ಲಿ ಮಾತ್ರ ಬರುವ ತೊಂದರೆಯಾದರೆ ಆಗುಂಬೆ, ಚಾರ್ಮಾಡಿ ಅಥವಾ ಶಿರಾಡಿಯಲ್ಲಿ ಪಕ್ಕದಲ್ಲಿ ಕೂತವರಿಂದ ವಿಡಿಯೋ ಮಾಡಿಸಿ. ಓಡೋಮೀಟರ್, ಆರ್‌ಪಿಎಂ, ಟೆಂಪರೇಚರ್ ಮೂರೂ ಒಂದೇ ಚೌಕಟ್ಟಿನಲ್ಲಿ ಕಾಣಬೇಕು. ಚೆಕ್ ಇಂಜಿನ್ ಲೈಟ್ ಸ್ಥಿರವಾಗಿ ಉರಿಯುತ್ತಿದ್ದರೆ ನಿಧಾನಕ್ಕೆ ವರ್ಕ್‌ಶಾಪಿಗೆ ತಲುಪಬಹುದು. ಮಿನುಗುತ್ತಿದ್ದರೆ ಅದು ತೀವ್ರ ಮಿಸ್‌ಫೈರ್. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಟ್ಟುಹಾಕುತ್ತದೆ. ವಿಡಿಯೋಗಾಗಿ ಗಾಡಿಯನ್ನು ಮತ್ತೂ ಎಳೆಯಬೇಡಿ.

ಒಂದು ಬ್ಲೂಟೂತ್ ಓಬಿಡಿ ಅಡಾಪ್ಟರ್ (ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್‌ಗಳನ್ನು ಫೋನಿನಲ್ಲಿ ತೋರಿಸುವ ಸಾಧನ) ಇಟ್ಟುಕೊಳ್ಳುವುದು ಒಳ್ಳೆಯದು. ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿ ಕೋಡ್ ಓದಿ, ಸ್ಕ್ರೀನ್‌ಶಾಟ್ ತೆಗೆಯಿರಿ. ಅಳಿಸಬೇಡಿ. ಕೋಡ್ ಅಳಿಸಿದರೆ ಜೊತೆಗಿರುವ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ದೋಷ ಬಂದ ಕ್ಷಣದ ವೇಗ, ಆರ್‌ಪಿಎಂ, ಕೂಲೆಂಟ್ ಉಷ್ಣತೆ, ಇಂಜಿನ್ ಲೋಡ್ ಎಲ್ಲ ಇರುವುದು ಅದರಲ್ಲೇ. ‘ಕೋಡ್ ಕ್ಲಿಯರ್ ಆದ ಮೇಲೆ ಓಡಿದ ದೂರ’ ಎಂಬ ಅಂಕಿಯನ್ನೂ ಹೆಚ್ಚಿನ ಆ್ಯಪ್‌ಗಳು ತೋರಿಸುತ್ತವೆ. ವರ್ಕ್‌ಶಾಪಿನಿಂದ ತಂದ ದಿನ ಅದು ಐದಾರು ಕಿಲೋಮೀಟರ್ ಇದ್ದು, ಬಿಲ್ಲಿನಲ್ಲಿ ಯಾವ ಕೋಡೂ ನಮೂದಾಗಿಲ್ಲವೆಂದರೆ ಓದದೆ ಅಥವಾ ಬರೆಯದೆ ಅಳಿಸಿರುವ ಸಾಧ್ಯತೆ ಹೆಚ್ಚು. ಆ ಸ್ಕ್ರೀನ್‌ಶಾಟ್ ಅಂದೇ ಇಮೇಲ್‌ನಲ್ಲಿ ಹೋಗಲಿ.

ಪೆಟ್ರೋಲ್ ಗಾಡಿಯಲ್ಲಿ ಪಿ0303 ಬಂದರೆ ಮೂರನೇ ಸಿಲಿಂಡರಿನ ಮಿಸ್‌ಫೈರ್. ಟೆಕ್ನಿಷಿಯನ್ ಮಾಡಬೇಕಾದ ಪರೀಕ್ಷೆ ಸರಳ: ಮೂರನೆಯದರ ಇಗ್ನಿಷನ್ ಕಾಯಿಲ್ ಎರಡನೆಯದಕ್ಕೆ, ಎರಡನೆಯದರದ್ದು ಮೂರಕ್ಕೆ. ಆಮೇಲೆ ಕೋಡ್ ಪಿ0302ಕ್ಕೆ ತಿರುಗಿದರೆ ಕಾಯಿಲ್ ಹೋಗಿದೆ. ಕದಲದೆ ಪಿ0303ರಲ್ಲೇ ನಿಂತರೆ ಸ್ಪಾರ್ಕ್ ಪ್ಲಗ್ ಅನ್ನೂ ಹೀಗೇ ಅದಲುಬದಲು ಮಾಡಿ ನೋಡಿ, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಪರೀಕ್ಷೆ. ಈ ಕ್ರಮ ಬಿಟ್ಟು ಪ್ರತಿ ಸಲ ಹೊಸ ಪ್ಲಗ್ ಹಾಕಿ ಕಳುಹಿಸುವುದರಿಂದಲೇ ಅದೇ ದೋಷ ಮತ್ತೆ ಬರುತ್ತದೆ. ವಾರಂಟಿ ಇರುವಾಗ ನೀವೇ ಕೈಹಾಕಬೇಡಿ, ನಿಮ್ಮೆದುರಿಗೆ ಮಾಡಿಸಿ.

ಕರಾವಳಿಯ ನೆಪಗಳು, ಕರಾವಳಿಯ ನಿಜಗಳು

ವಾರಂಟಿ ನಿರಾಕರಿಸಲು ಇಲ್ಲಿ ಹೆಚ್ಚು ಕೇಳಿಬರುವ ಮಾತು ‘ಹೊರಗಿನ ಕಾರಣ’: ಇಲಿ, ನೀರು, ಪೆಟ್ರೋಲ್. ಕೆಲವು ಸಲ ಅದು ನಿಜವೂ ಹೌದು. ಮಳೆಗಾಲದಲ್ಲಿ ಇಲಿ ಬಾನೆಟ್ ಒಳಗೆ ಬೆಚ್ಚಗೆ ಸೇರಿ ವಯರಿಂಗ್ ಕಡಿಯುತ್ತದೆ, ಅದಕ್ಕೆ ವಾರಂಟಿ ಇಲ್ಲ. ಹಾಗಾಗಿ ಗಾಡಿ ಬಿಡುವ ಮುನ್ನ ಇಂಜಿನ್ ಬೇಯ ಫೋಟೋ ಎಲ್ಲ ಕೋನದಿಂದ ತೆಗೆದಿಡಿ. ಕಡಲ ಗಾಳಿಯ ಉಪ್ಪು, ತಿಂಗಳುಗಟ್ಟಲೆ ಆರದ ತೇವ ಕನೆಕ್ಟರ್ ಪಿನ್ನುಗಳಿಗೆ ಹಸಿರು ಕಿಲುಬು ಹತ್ತಿಸುತ್ತವೆ. ಸೆನ್ಸರ್ ಬದಲಾಯಿಸಿದರೂ ಕೋಡ್ ಮರಳಿ ಬರುವುದಕ್ಕೆ ಇದೊಂದು ಮುಖ್ಯ ಕಾರಣ: ಸೆನ್ಸರ್ ಹೊಸದು, ಕನೆಕ್ಟರ್ ಹಳೆಯದು. ಇಂಜಿನ್‌ನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿಯನ್ನೂ ನೋಡಿಸಿ. ಸ್ಟಾರ್ಟ್ ಮಾಡುವಾಗ ಬ್ಯಾಟರಿಯ ನೆಗೆಟಿವ್‌ನಿಂದ ಇಂಜಿನ್ ಬ್ಲಾಕಿಗೆ ಮಲ್ಟಿಮೀಟರ್ ಹಿಡಿದರೆ 0.5 ವೋಲ್ಟ್ ಮೀರಿ ತೋರಿಸಬಾರದು. ಮೀರಿದರೆ ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಕೋಡ್‌ಗಳು ಬರಬಹುದು.

‘ಪೆಟ್ರೋಲ್ ಸರಿಯಿಲ್ಲ’ ಎಂದರೆ ಒಂದೇ ಪ್ರಶ್ನೆ: ಟ್ಯಾಂಕಿನಿಂದ ಸ್ಯಾಂಪಲ್ ತೆಗೆದಿರಾ, ಪರೀಕ್ಷೆಯ ವರದಿ ಎಲ್ಲಿ? ವರದಿ ಇಲ್ಲದಿದ್ದರೆ ಅದು ಬರೀ ಬಾಯಿಮಾತು. ನಿಮ್ಮ ಕಡೆಯಿಂದ ಒಂದೇ ಬಂಕಿನಲ್ಲಿ ಹಾಕಿಸಿ ಬಿಲ್ಲು ಇಟ್ಟುಕೊಳ್ಳಿ. ಬಂಕಿನಲ್ಲಿ ಡೆನ್ಸಿಟಿ ಮತ್ತು ಫಿಲ್ಟರ್ ಪೇಪರ್ ಪರೀಕ್ಷೆ ಕೇಳುವ ಹಕ್ಕು ಗ್ರಾಹಕರಿಗೆ ಇದೆ.

ಕೊಟ್ಟಾರ ಚೌಕಿಯಲ್ಲೋ ಪಡೀಲ್ ಅಂಡರ್‌ಪಾಸ್‌ನಲ್ಲೋ ನಿಂತ ನೀರಿಗೆ ಇಳಿದು ಗಾಡಿ ಆಫ್ ಆದದ್ದು ಬೇರೆಯೇ ವಿಷಯ. ಅಲ್ಲಿ ಮತ್ತೆ ಸ್ಟಾರ್ಟ್ ಮಾಡಿದರೆ ಸಿಲಿಂಡರಿಗೆ ಹೋದ ನೀರು ಕನೆಕ್ಟಿಂಗ್ ರಾಡ್ ಬಗ್ಗಿಸುತ್ತದೆ. ಅದು ಇನ್ಶೂರೆನ್ಸಿನ ಇಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್‌ಗೆ ಸೇರಿದ್ದು, ವಾರಂಟಿಗೆ ಅಲ್ಲ.

ಡೀಸೆಲ್ ಬಿಎಸ್6 ಗಾಡಿಗಳ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೂರಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮಂಗಳೂರಿನೊಳಗೆ ಕಂಕನಾಡಿಯಿಂದ ಹಂಪನಕಟ್ಟೆ, ಅಲ್ಲಿಂದ ಲಾಲ್‌ಬಾಗ್ ಎಂದು ಬರೀ ಸಣ್ಣ ದೂರ ಓಡುವ ಗಾಡಿಯಲ್ಲಿ ಫಿಲ್ಟರಿನ ಮಸಿ ಸುಡುವಷ್ಟು ಬಿಸಿ ಎಕ್ಸಾಸ್ಟ್‌ನಲ್ಲಿ ಹುಟ್ಟುವುದಿಲ್ಲ. ರೀಜನರೇಷನ್ (ಆ ಮಸಿಯನ್ನು ಸುಡುವ ಕ್ರಿಯೆ) ಶುರುವಾಗಿ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕಾಗಿ ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಮ್ಯಾಕ್ಸ್ ಗೆರೆ ದಾಟಿ ಏರಿದ್ದರೆ ಖುಷಿಪಡಬೇಡಿ, ತೆಳುವಾದ ಆ ಆಯಿಲ್ ಬೇರಿಂಗ್ ತಿನ್ನುತ್ತದೆ, ಕೂಡಲೇ ಬದಲಾಯಿಸಬೇಕು. ಡಿಪಿಎಫ್ ಲೈಟ್ ಬಂದ ಕೂಡಲೇ ಎನ್‌ಎಚ್ 66ರಲ್ಲಿ ಕೂಳೂರು ದಾಟಿ ಪಡುಬಿದ್ರಿ ಕಡೆಗೆ, 2,000 ಆರ್‌ಪಿಎಂ ಇಳಿಯದ ಗೇರಿನಲ್ಲಿ 20 ನಿಮಿಷ ನಿಲ್ಲಿಸದೆ ಓಡಿಸಿ. ಹೀಗೆ ಓಡಿಸಿಯೂ ಕೆಲವೇ ನೂರು ಕಿಲೋಮೀಟರಿಗೆ ಲೈಟ್ ಮರಳಿದರೆ ಅದಕ್ಕೆ ನಿಮ್ಮ ಓಡಿಸುವ ರೀತಿಯನ್ನು ದೂರುವಂತಿಲ್ಲ. ಡಿಫರೆನ್ಷಿಯಲ್ ಪ್ರೆಶರ್ ಸೆನ್ಸರ್, ಇಂಜೆಕ್ಟರ್ ಸೋರಿಕೆ, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳುಹಿಸುವ ವಾಲ್ವ್) ಮೂರನ್ನೂ ಪರೀಕ್ಷಿಸಿ ಬರೆದುಕೊಡಿ ಎಂದು ಕೇಳಿ. ಡಿಪಿಎಫ್ ಕಿತ್ತುಹಾಕಿಸುವ ಸಲಹೆ ಯಾರು ಕೊಟ್ಟರೂ ಬೇಡ. ಕಾನೂನಿಗೂ ವಿರುದ್ಧ, ವಾರಂಟಿಯೂ ಹೋಗುತ್ತದೆ.

ಆಯಿಲ್ ಕುಡಿಯುವ ಇಂಜಿನ್ನಿಗೆ ಮಾತು ಬೇಡ, ಅಳತೆ ಬೇಕು. ಸಮತಟ್ಟಾದ ನೆಲದಲ್ಲಿ ಮ್ಯಾಕ್ಸ್ ತನಕ ತುಂಬಿಸಿ, ಡಿಪ್‌ಸ್ಟಿಕ್, ಫಿಲ್ಲರ್ ಮುಚ್ಚಳ, ಡ್ರೈನ್ ಬೋಲ್ಟ್ ಮೂರಕ್ಕೂ ವರ್ಕ್‌ಶಾಪಿನವರೇ ಸೀಲ್ ಹಾಕಲಿ. 1,000 ಕಿಲೋಮೀಟರ್ ಓಡಿಸಿ ತಂದು, ಮತ್ತೆ ಮ್ಯಾಕ್ಸ್‌ಗೆ ಬರಲು ಎಷ್ಟು ಮಿಲಿಲೀಟರ್ ಬೇಕಾಯಿತು ಎಂದು ಅಳೆದು ಕಾರ್ಡಿನಲ್ಲಿ ಬರೆಯಲಿ. ಎಷ್ಟರ ತನಕ ಸಹಜ ಎಂದು ನಿಮ್ಮ ಓನರ್ಸ್ ಮ್ಯಾನ್ಯುಯಲ್‌ನಲ್ಲೇ ಇದ್ದರೆ ಅದರ ಪುಟದ ಫೋಟೋ ಜೊತೆಗಿರಲಿ. ನಡುವೆ ನೀವೇ ಆಯಿಲ್ ಸುರಿದರೆ ಪರೀಕ್ಷೆ ಕೆಟ್ಟಿತು.

ಡೀಲರ್ ದಾಟಿ ಕಂಪನಿಗೆ

ಮೂರನೇ ಸಲವೂ ಸರಿಯಾಗದಿದ್ದರೆ ಸರ್ವಿಸ್ ಮ್ಯಾನೇಜರ್ ಜೊತೆ ಜಗಳಕ್ಕೆ ನಿಂತು ಪ್ರಯೋಜನವಿಲ್ಲ. ದೊಡ್ಡ ಭಾಗಗಳಿಗೆ ವಾರಂಟಿ ಒಪ್ಪಿಗೆ ಕೊಡುವುದು ಕಂಪನಿ. ಅದರ ಏರಿಯಾ ಸರ್ವಿಸ್ ಮ್ಯಾನೇಜರ್ ಮತ್ತು ಕಸ್ಟಮರ್ ಕೇರ್ ಇಬ್ಬರಿಗೂ ಒಂದೇ ಇಮೇಲ್ ಕಳುಹಿಸಿ, ಟಿಕೆಟ್ ನಂಬರ್ ಪಡೆಯಿರಿ. ಚಾಸಿ ನಂಬರು, ಖರೀದಿ ದಿನಾಂಕ, ಎಲ್ಲ ಜಾಬ್ ಕಾರ್ಡ್‌ಗಳ ದಿನಾಂಕ, ಕಿಲೋಮೀಟರ್, ಮಾಡಿದ ಕೆಲಸ ಒಂದು ಕೋಷ್ಟಕದಲ್ಲಿರಲಿ. ಬೈಗುಳ ಒಂದಕ್ಷರವೂ ಬೇಡ. ಕೇಳಬೇಕಾದದ್ದು ಎರಡು: ಕಂಪನಿಯ ಇಂಜಿನಿಯರ್ ನಿಮ್ಮ ಸಮ್ಮುಖದಲ್ಲಿ ಪರಿಶೀಲಿಸಿ ಮೂಲ ಕಾರಣವನ್ನು ಬರಹದಲ್ಲಿ ಕೊಡಬೇಕು, ಮತ್ತು 15 ದಿನದೊಳಗೆ ಉತ್ತರ ಬೇಕು. ಫೋನಿನಲ್ಲಿ ಏನೇ ಭರವಸೆ ಕೊಟ್ಟರೂ ಅರ್ಧ ಗಂಟೆಯೊಳಗೆ ‘ಈಗ ಮಾತಾಡಿದಂತೆ’ ಎಂದು ಇಮೇಲ್ ಹಾಕಿಬಿಡಿ.

ಇದರ ಜೊತೆಗೇ ಚಾಸಿ ನಂಬರ್ ಹಾಕಿ ಕಂಪನಿಯ ವೆಬ್‌ಸೈಟ್‌ನಲ್ಲಿ ರೀಕಾಲ್ (ದೋಷವಿರುವ ಗಾಡಿಗಳನ್ನು ಕಂಪನಿಯೇ ಕರೆಸಿ ಸರಿಮಾಡುವುದು) ಇದೆಯೇ ನೋಡಿ. ಓಡುತ್ತಿರುವಾಗಲೇ ಇಂಜಿನ್ ಆಫ್ ಆಗುವಂಥ ಸುರಕ್ಷತೆಯ ದೋಷವಾದರೆ ಕೇಂದ್ರ ಸಾರಿಗೆ ಸಚಿವಾಲಯಕ್ಕೂ ದೂರು ಕೊಡಬಹುದು. ಕಡ್ಡಾಯ ರೀಕಾಲ್ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೇ ದೂರು ದಾಖಲಿಸಬಹುದು. ಅವರು ಕಂಪನಿಗೆ ರವಾನಿಸಿ ಉತ್ತರ ತರಿಸುತ್ತಾರೆ, ಆದೇಶ ಕೊಡುವ ಅಧಿಕಾರ ಅವರಿಗಿಲ್ಲ.

ಆಯೋಗಕ್ಕೆ ಹೋಗುವಾಗ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಗಾಡಿ ಬೆಂಗಳೂರಿನಲ್ಲಿ ಕೊಂಡಿದ್ದರೂ ಕುಂದಾಪುರದವರಿಗೆ ಉಡುಪಿ ಆಯೋಗ, ಪುತ್ತೂರಿನವರಿಗೆ ಮಂಗಳೂರು ಆಯೋಗ ಸಾಕು. ಕೊಟ್ಟ ಬೆಲೆ 50 ಲಕ್ಷದ ತನಕ ಜಿಲ್ಲಾ ಆಯೋಗದ ವ್ಯಾಪ್ತಿ. ಶುಲ್ಕ 5 ಲಕ್ಷದ ತನಕ ಇಲ್ಲ, 10 ಲಕ್ಷದ ತನಕ 200 ರೂ., 20 ಲಕ್ಷದ ತನಕ 400 ರೂ., 50 ಲಕ್ಷದ ತನಕ 1,000 ರೂ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಅವಧಿ ಎರಡು ವರ್ಷ. ಮುಂದಿನ ಸರ್ವಿಸ್‌ನಲ್ಲಿ ಸರಿಮಾಡುತ್ತೇವೆ ಎಂಬ ಮಾತು ಕೇಳುತ್ತಾ ಈ ಅವಧಿ ಕಳೆದುಕೊಳ್ಳುವವರೇ ಹೆಚ್ಚು. ಗಾಡಿ ವ್ಯಾಪಾರದ ಉದ್ದೇಶಕ್ಕೆ ಕೊಂಡದ್ದಾದರೆ ನೀವು ಗ್ರಾಹಕರಲ್ಲ ಎಂಬ ತಕರಾರು ಬರುತ್ತದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಓಡಿಸುವ ಟ್ಯಾಕ್ಸಿಗೆ ವಿನಾಯಿತಿ ಇದೆ.

ಹೊಸ ಕಾರೇ ಬೇಕು ಎಂದು ಒಂದನ್ನೇ ಹಿಡಿದು ಕೂತರೆ ಸೋಲುವ ಸಂಭವ ಹೆಚ್ಚು. ವಾರಂಟಿಯ ಷರತ್ತು ಭಾಗ ರಿಪೇರಿ ಅಥವಾ ಬದಲಾವಣೆಗಷ್ಟೇ ಇದ್ದಾಗ ಇಡೀ ಕಾರು ಬದಲಿಸಲು ಹೇಳುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ 2006ರ ತೀರ್ಪೊಂದರಲ್ಲಿ ಹೇಳಿದೆ. ಆದ್ದರಿಂದ ಬೇಡಿಕೆಗಳನ್ನು ಒಂದರ ಕೆಳಗೊಂದು ಇಡಿ: ದೋಷ ಇರುವ ಭಾಗವನ್ನು ಪೂರ್ತಿ ಹೊಸತಾಗಿ ಹಾಕಿ ಅದಕ್ಕೆ ಹೊಸ ವಾರಂಟಿ, ಅದಾಗದಿದ್ದರೆ ಇಂಜಿನ್ ಬದಲಾವಣೆ, ಅದೂ ಆಗದಿದ್ದರೆ ಗಾಡಿ ಬದಲು ಅಥವಾ ಹಣ ವಾಪಸ್, ಜೊತೆಗೆ ಪರಿಹಾರ ಮತ್ತು ಖರ್ಚು. ಉತ್ಪಾದನಾ ದೋಷವನ್ನು ಸಾಬೀತು ಮಾಡುವ ಹೊಣೆ ನಿಮ್ಮದು, ಸೇವೆಯ ಕೊರತೆಯನ್ನು ಮಾತ್ರ ಜಾಬ್ ಕಾರ್ಡ್‌ಗಳಿಂದಲೇ ತೋರಿಸಬಹುದು. ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ, ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ.

ಪರಿಚಯದ ಗ್ಯಾರೇಜಿನವರು ಬರೆದ ಚೀಟಿಗೆ ಹೆಚ್ಚು ತೂಕವಿಲ್ಲ. ಸೆಕ್ಷನ್ 38ರ ಅಡಿಯಲ್ಲಿ ತಜ್ಞರ ಪರೀಕ್ಷೆಗೆ ಕಳುಹಿಸಿ ಎಂದು ಆಯೋಗಕ್ಕೇ ಅರ್ಜಿ ಹಾಕಿ. ಸುರತ್ಕಲ್ ಎನ್‌ಐಟಿಕೆಯ ಮೆಕ್ಯಾನಿಕಲ್ ವಿಭಾಗ, ಮಂಗಳೂರಿನ ಕೆಪಿಟಿಯ (ಕರ್ನಾಟಕ ಪಾಲಿಟೆಕ್ನಿಕ್) ಆಟೋಮೊಬೈಲ್ ವಿಭಾಗದಂಥ ಸಂಸ್ಥೆಗಳ ಹೆಸರು ಸೂಚಿಸಬಹುದು, ನೇಮಿಸುವುದು ಆಯೋಗಕ್ಕೆ ಬಿಟ್ಟದ್ದು. ಪರೀಕ್ಷೆಯ ಶುಲ್ಕವನ್ನು ಮೊದಲು ನೀವೇ ಕಟ್ಟಬೇಕು. ಅಲ್ಲಿಯ ತನಕ ಬೇರೆ ಕಡೆ ಇಂಜಿನ್ ಬಿಚ್ಚಿಸಬಾರದು, ಗಾಡಿ ಮಾರಬಾರದು.

ಆದೇಶ ನಿಮ್ಮ ಪರವಾಗಿ ಬಂದರೆ ಎದುರುದಾರರಿಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಲು 45 ದಿನ ಇದೆ, ಅದಕ್ಕೆ ಆದೇಶದ ಮೊತ್ತದ ಅರ್ಧವನ್ನು ಮೊದಲೇ ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಪಾಲನೆಯೂ ಇಲ್ಲ ಎಂದಾದರೆ ಅದೇ ಜಿಲ್ಲಾ ಆಯೋಗದಲ್ಲಿ ಸೆಕ್ಷನ್ 71 ಮತ್ತು 72ರ ಅಡಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದ ತನಕ ಜೈಲು, ಅಥವಾ 25,000ದಿಂದ 1 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡನ್ನೂ ವಿಧಿಸಲು ಸೆಕ್ಷನ್ 72ರಲ್ಲಿ ಅವಕಾಶವಿದೆ.