ತಾಳಮದ್ದಲೆ ಹಿಡಿದಿಡಲು ರೆಕಾರ್ಡರ್ ಬೇಕೇ, ಫೋನ್ ಸಾಕೇ?

ರೆಕಾರ್ಡರ್ ಕೊಳ್ಳಬೇಕು ಅಂದವರೆಲ್ಲ ಮೊದಲು ಕೇಳುವುದು ಯಾವ ಕಂಪನಿಯದ್ದು ಒಳ್ಳೆಯದು ಎಂದು. ನಾನು ಶುರುಮಾಡಿದ್ದು ಬೇರೆ ಕಡೆಯಿಂದ. ಅದುವರೆಗೆ ಫೋನಿನಲ್ಲಿ ಹಿಡಿದಿಟ್ಟಿದ್ದ ತಾಳಮದ್ದಲೆಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ, ಎಲ್ಲೆಲ್ಲಿ ಕಿರಿಕಿರಿಯಾಯಿತೋ ಅಲ್ಲಲ್ಲಿ ಕಾರಣ ಬರೆದುಕೊಂಡೆ. ಪಟ್ಟಿ ನೋಡಿದರೆ ಕೆಲವು ದೋಷ ಫೋನಿನವು, ಉಳಿದವು ಸಭಾಂಗಣದವು. ದುಡ್ಡು ಕೊಟ್ಟರೆ ಹೋಗುವುದು ಮೊದಲನೆಯ ಬಗೆಯವು ಮಾತ್ರ.

ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಒಂದು ಮಾತು. ತಾಳಮದ್ದಲೆ ಯಕ್ಷಗಾನದ್ದೇ ಒಂದು ಬಗೆ, ಆದರೆ ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ, ಪದ್ಯ ಮುಗಿದದ್ದೇ ಅರ್ಥಧಾರಿಗಳು ಕೂತಲ್ಲೇ ಆ ಪಾತ್ರವಾಗಿ ಮಾತಿಗಿಳಿಯುತ್ತಾರೆ. ಬರೆದಿಟ್ಟ ಮಾತಲ್ಲ, ಆ ಹೊತ್ತಿಗೆ ಹುಟ್ಟುವ ಮಾತು. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವಾಗ ದನಿ ಪಿಸುಮಾತಿಗೆ ಇಳಿದೀತು, ಅದರ ಬೆನ್ನಿಗೇ ಚೆಂಡೆಯ ಪೆಟ್ಟು ಬಿದ್ದೀತು. ಇಷ್ಟು ಏರಿಳಿತವಿರುವ ದನಿಯನ್ನು ಹಿಡಿಯುವುದೇ ಇಲ್ಲಿನ ಕಷ್ಟ.

ಫೋನಿನ ರೆಕಾರ್ಡಿಂಗ್ ಆಪ್‌ಗಳಲ್ಲಿ ಹೆಚ್ಚಿನವು ದನಿಯ ಮಟ್ಟವನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಒಬ್ಬರೊಡನೆ ಮಾತಾಡುವಾಗ ಅದು ಉಪಕಾರವೇ. ಚೆಂಡೆ ಬಂದಾಗ ಮಾತ್ರ ಫೋನ್ ಬೆಚ್ಚಿಬಿದ್ದು ಮಟ್ಟವನ್ನು ಒಮ್ಮೆಲೇ ತಗ್ಗಿಸುತ್ತದೆ, ಮತ್ತೆ ಮೇಲಕ್ಕೆ ತರಲು ಕೆಲವು ಕ್ಷಣ ತೆಗೆದುಕೊಳ್ಳುತ್ತದೆ. ಹಾಗಾಗಿ ಪದ್ಯ ಮುಗಿದು ಅರ್ಥಧಾರಿಗಳು ಆಡುವ ಮೊದಲ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ತಾಳಮದ್ದಲೆ ಬಲ್ಲವರಿಗೆ ಗೊತ್ತು, ಪೀಠಿಕೆಯ ಆ ಮೊದಲ ವಾಕ್ಯಕ್ಕೆ ಎಷ್ಟು ಬೆಲೆ ಅಂತ. ಮಾತು ನಿಂತಲ್ಲಿ ಇನ್ನೊಂದು ತೊಂದರೆ: ಫೋನ್ ಮಟ್ಟ ಏರಿಸುತ್ತಾ ಹೋಗಿ ಫ್ಯಾನಿನ ಸದ್ದು ಮುಂದಕ್ಕೆ ಬಂದು ಕೂರುತ್ತದೆ. ಈ ದೋಷಕ್ಕೆ ರೆಕಾರ್ಡರ್ ನಿಜವಾದ ಮದ್ದು. ಮಟ್ಟವನ್ನು ಕೈಯಿಂದಲೇ ಇಟ್ಟು, ಸ್ವಯಂಚಾಲಿತ ಹೊಂದಾಣಿಕೆಯನ್ನು ನಿಲ್ಲಿಸಿಬಿಡಬಹುದು.

ಕರೆ ಬಂದರೆ ರೆಕಾರ್ಡಿಂಗ್ ನಿಲ್ಲುವುದು ಎರಡನೆಯ ದೋಷ. ಏರೋಪ್ಲೇನ್ ಮೋಡ್ ಹಾಕಿ ಅನ್ನುವುದು ಸುಲಭ. ಮನೆಯಲ್ಲಿ ವಯಸ್ಸಾದವರಿದ್ದಾರೆ, ರಾತ್ರಿಯಿಡೀ ಫೋನ್ ಸತ್ತಂತಿರುವುದು ನನಗೆ ಆಗದ ಮಾತು. ನಾನು ರೆಕಾರ್ಡರ್ ತೆಗೆದುಕೊಂಡಿದ್ದಕ್ಕೆ ದನಿಯ ಗುಣಮಟ್ಟದಷ್ಟೇ ಇದೂ ಕಾರಣ.

ಇನ್ನು ರೆಕಾರ್ಡರ್‌ನಿಂದ ಹೋಗದ ದೋಷಗಳು. ದೂರ ಮೊದಲನೆಯದು. ಬಯಲಿನಲ್ಲಿ ದೂರ ಎರಡರಷ್ಟಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸಭಾಂಗಣದಲ್ಲಿ ಬಾಯಿಂದ ನೇರ ಬರುವ ದನಿ ಇಳಿದರೂ ಗೋಡೆಗೆ ತಾಗಿ ಮರಳುವ ಸದ್ದು ಅಷ್ಟೇ ಇರುತ್ತದೆ. ಹಿಂದಿನ ಸಾಲಿನಲ್ಲಿ ಕೂತರೆ ಲಕ್ಷ ರೂಪಾಯಿಯ ಯಂತ್ರವೂ ಆ ಪ್ರತಿಧ್ವನಿಯನ್ನೇ ಅಚ್ಚುಕಟ್ಟಾಗಿ ಹಿಡಿಯುತ್ತದೆ. ಎರಡನೆಯದು ಮಳೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದ ಮೇಲೆ ತಾಳಮದ್ದಲೆಗಳ ಕಾಲ. ಶೀಟ್ ಹಾಕಿದ ಮಾಡಿನ ಮೇಲೆ ಆಟಿ ತಿಂಗಳ (ಆಷಾಢದ) ಮಳೆ ಸುರಿಯಲಾರಂಭಿಸಿದರೆ ಅದಕ್ಕೆ ಗುಂಡಿಯೂ ಇಲ್ಲ, ಫಿಲ್ಟರೂ ಇಲ್ಲ. ಲೋ ಕಟ್ ಎಂಬ ಸೌಲಭ್ಯ ಗಾಳಿಯ ಗುಂಯ್‌ಗುಡುವಿಕೆಯಂಥ ತಗ್ಗು ಸದ್ದನ್ನು ಕಡಿಮೆ ಮಾಡುತ್ತದೆಯೇ ಹೊರತು ಶೀಟಿನ ಮೇಲಿನ ಪಟಪಟವನ್ನಲ್ಲ. ಹಾಗೆ ನೋಡಿದರೆ ಒಳ್ಳೆಯ ರೆಕಾರ್ಡರ್ ನೆರೆಯವರ ಕೆಮ್ಮು, ಚಹಾ ಲೋಟದ ಸದ್ದು, ಪ್ಲಾಸ್ಟಿಕ್ ಕುರ್ಚಿ ಎಳೆದ ಸದ್ದು ಎಲ್ಲವನ್ನೂ ಫೋನಿಗಿಂತ ಸ್ಪಷ್ಟವಾಗಿ ಕೊಡುತ್ತದೆ. ಕೆಲವರಿಗೆ ಇದೇ ನಿರಾಸೆ ತರುತ್ತದೆ.

ಇಷ್ಟೆಲ್ಲ ತೂಗಿ ನಾನು ಆರಿಸಿಕೊಂಡದ್ದು ಜೂಮ್ ಕಂಪನಿಯ ಎಚ್1ಎನ್ ಎಂಬ ರೆಕಾರ್ಡರ್. ಅಂಗೈಯಷ್ಟಿದೆ, ಟಿವಿ ರಿಮೋಟಿಗೆ ಹಾಕುವ ಸಣ್ಣ ಸೆಲ್ ಎರಡು ಸಾಕು, ಮಟ್ಟ ಹೊಂದಿಸುವ ತಿರುಗಣೆ ಎದುರಿಗೇ ಇದೆ. ಕತ್ತಲಲ್ಲಿ ಮೆನು ಹುಡುಕುವ ಕೆಲಸವಿಲ್ಲ. ದನಿಯನ್ನು ಕುಗ್ಗಿಸದೆ ಇಡುವ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಕಡತಕ್ಕೆ ಗಂಟೆಗೆ ಸುಮಾರು 1 ಜಿಬಿ ಬೇಕಾಗುತ್ತದೆ. 32 ಜಿಬಿ ಕಾರ್ಡಿನಲ್ಲಿ ಇಡೀ ರಾತ್ರಿಯ ಕೂಟ ಹಿಡಿದು ಮೇಲೆ ಇನ್ನಷ್ಟು ಜಾಗ ಉಳಿಯುತ್ತದೆ. ಸೆಲ್ ಮಾತ್ರ ನಡುರಾತ್ರಿಯ ಚಹಾದ ಹೊತ್ತಿಗೆ ಬದಲಿಸಿಬಿಡುತ್ತೇನೆ, ಖಾಲಿಯಾಗುವವರೆಗೆ ಕಾಯುವುದಿಲ್ಲ.

ಮಟ್ಟ ಇಡುವ ಕ್ರಮ ಸರಳ. ಆರಂಭದ ಗಣಪತಿ ಸ್ತುತಿಯಲ್ಲಿ ಚೆಂಡೆ ಜೋರಾದಾಗ ಮಾಪಕ ಮೈನಸ್ 12 ಡೆಸಿಬಲ್ ಆಸುಪಾಸಿಗೆ ನಿಲ್ಲುವಂತೆ ಇಟ್ಟು (ಸೊನ್ನೆ ದಾಟಿದರೆ ಸದ್ದು ಒಡೆಯುತ್ತದೆ) ಆಮೇಲೆ ಮುಟ್ಟುವುದಿಲ್ಲ. ಯುದ್ಧದ ಪದ್ಯಕ್ಕೆ ಚೆಂಡೆ ಇನ್ನೂ ಏರುತ್ತದೆ, ಆ ಜಾಗ ಅದಕ್ಕೆ ಬೇಕು. 24 ಬಿಟ್‌ನಲ್ಲಿ ತಗ್ಗಿದ ಮಾತನ್ನು ಮನೆಗೆ ಬಂದು ಏರಿಸಬಹುದು, ಒಡೆದ ಸದ್ದನ್ನು ಕೂಡಿಸಲು ಬರುವುದಿಲ್ಲ. ಯಂತ್ರವನ್ನು ಸಣ್ಣ ಟ್ರೈಪಾಡ್ ಮೇಲೆ ಎದುರುಬದುರು ಕೂತ ಅರ್ಥಧಾರಿಗಳ ನಡುವೆ, ಚೆಂಡೆಯಿಂದ ಆದಷ್ಟು ಆಚೆಗೆ ಇಡುತ್ತೇನೆ. ಕೈಯಲ್ಲಿ ಹಿಡಿದರೆ ಬೆರಳಾಡಿಸಿದ್ದೆಲ್ಲ ಕೇಳುತ್ತದೆ. ಸಂಘಟಕರನ್ನೂ ಕಲಾವಿದರನ್ನೂ ಮೊದಲೇ ಕೇಳಿರಬೇಕು. ಹಿಡಿದುಕೊಳ್ಳಿ, ಆದರೆ ಎಲ್ಲಿಗೂ ಹಾಕಬೇಡಿ ಅನ್ನುವವರಿದ್ದಾರೆ, ಅದು ಅವರ ಹಕ್ಕು.

ಮೈಕ್‌ನವರು ಹಲವು ಸಲ "ಮಿಕ್ಸರ್‌ನಿಂದ ಒಂದು ವಯರ್ ಕೊಡ್ತೇನೆ, ಅಷ್ಟು ಸಾಕಲ್ವಾ?" ಅನ್ನುತ್ತಾರೆ. ಮಿಕ್ಸರ್ ಅಂದರೆ ಎಲ್ಲ ಮೈಕ್‌ಗಳ ದನಿಯನ್ನು ಕೂಡಿಸುವ ಪೆಟ್ಟಿಗೆ. ಮಾತು ಅದರಲ್ಲಿ ಬಹಳ ಸ್ಪಷ್ಟ, ಆದರೆ ಮೈಕಿಗೆ ಬಿದ್ದದ್ದಷ್ಟೇ ಅದರಲ್ಲಿ. ಚೆಂಡೆಗೆ ಮೈಕ್ ಇಡದಿದ್ದರೆ ಅದು ದೂರದಲ್ಲಿ ಎಲ್ಲೋ ಬಾರಿಸಿದಂತೆ, ಸಭೆಯ ನಗು ಅಂತೂ ಇಲ್ಲವೇ ಇಲ್ಲ. ಮಿಕ್ಸರ್‌ನ ಲೈನ್ ಮಟ್ಟದ (ಮೈಕಿನದಕ್ಕಿಂತ ಬಹಳ ಗಟ್ಟಿಯಾದ) ದನಿ ಸಣ್ಣ ರೆಕಾರ್ಡರ್‌ನ ಮೈಕ್ ತೂತಿಗೆ ಜಾಸ್ತಿಯಾಗಿ ಒಡೆಯುವ ಅಪಾಯವೂ ಇದೆ. ನಿಮಗೆ ಈ ದಾರಿಯೇ ಬೇಕಾದರೆ ಟಾಸ್ಕಾಮ್ ಡಿಆರ್-40ಎಕ್ಸ್ ಥರದ್ದನ್ನು ನೋಡಿ. ಮೈಕ್, ಮಿಕ್ಸರ್‌ಗಳ ವಯರ್ ಸಿಕ್ಕಿಸುವ ಎರಡು ಎಕ್ಸ್‌ಎಲ್ಆರ್ ಸಂಪರ್ಕಗಳಿವೆ, ಮಿಕ್ಸರ್‌ನ ದನಿಯನ್ನೂ ತನ್ನದೇ ಮೈಕಿನ ದನಿಯನ್ನೂ ಬೇರೆ ಬೇರೆಯಾಗಿ ಒಟ್ಟಿಗೇ ಹಿಡಿಯುತ್ತದೆ.

ಇವತ್ತು ಹೊಸದಾಗಿ ಕೊಳ್ಳುವವರ ಮುಂದೆ 32 ಬಿಟ್ ಫ್ಲೋಟ್ ಯಂತ್ರಗಳಿವೆ, ಅಂದರೆ ತೀರ ತಗ್ಗಿದ ದನಿಯನ್ನೂ ತೀರ ಗಟ್ಟಿ ದನಿಯನ್ನೂ ಒಂದೇ ಕಡತದಲ್ಲಿ ಹಿಡಿದಿಡುವಂಥವು. ಜೂಮ್ ಎಚ್1 ಎಸೆನ್ಷಿಯಲ್ 2024ರಲ್ಲಿ ಬಂತು. ಇವುಗಳಲ್ಲಿ ಮಟ್ಟ ಇಡುವ ತಲೆಬಿಸಿಯೇ ಇಲ್ಲ, ಕಡತ ಮಾತ್ರ 24 ಬಿಟ್‌ಗಿಂತ ಮೂರನೇ ಒಂದರಷ್ಟು ದೊಡ್ಡದು. ಪಿಸುಮಾತೂ ಚೆಂಡೆಯೂ ಒಂದೇ ಸಾಲಿನಲ್ಲಿ ಬರುವ ತಾಳಮದ್ದಲೆಗೆ ಇದು ಹೇಳಿ ಮಾಡಿಸಿದ್ದು. ಆದರೂ ಚೆಂಡೆಯ ಬುಡದಲ್ಲಿ ಇಡಬಹುದು ಅಂದುಕೊಳ್ಳಬೇಡಿ. ಎಚ್1 ಎಸೆನ್ಷಿಯಲ್‌ನ ಮೈಕಿನ ತಾಳಿಕೆ 120 ಡೆಸಿಬಲ್‌ವರೆಗೆ, ಮೈಕೇ ಸೋತ ಮೇಲೆ ಬಿಟ್ ಎಷ್ಟಿದ್ದರೇನು?

ನನ್ನ ಪರಿಚಯದ ಕೆಲವರಿಗೆ ಬೇಡವೇ ಬೇಡ ಅಂದಿದ್ದೇನೆ. ಅಜ್ಜಿಯ ಶೋಭಾನೆ ಹಾಡು ಹಿಡಿದಿಡಬೇಕೆಂದು ಒಬ್ಬಳು ಬಂದಿದ್ದಳು. ಕೋಣೆಯ ಬಾಗಿಲು ಹಾಕಿ, ಫ್ಯಾನ್ ಆರಿಸಿ, ಕೆಲವು ನೂರು ರೂಪಾಯಿಯ ಕಾಲರ್ ಮೈಕನ್ನು ಅಜ್ಜಿಯ ಸೆರಗಿಗೆ ಸಿಕ್ಕಿಸಿದರೆ ಫೋನಿನಲ್ಲೇ ಚೆನ್ನಾಗಿ ಬರುತ್ತದೆ. ಹಿಡಿದದ್ದನ್ನು ವಾಟ್ಸಾಪ್ ಗುಂಪಿಗೆ ಹಾಕಿ ಮರೆಯುವವರಿಗೂ ರೆಕಾರ್ಡರ್ ಹೊರೆಯೇ. ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿ, ಹೆಸರು, ದಿನಾಂಕ, ಪಾತ್ರಧಾರಿಗಳನ್ನು ಬರೆದು, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತುಂಡರಿಸಿ, ಎರಡು ಕಡೆ ಪ್ರತಿ ಇಡುವ ಕೆಲಸ ಕೂಟದಷ್ಟೇ ಹೊತ್ತು ತಿನ್ನುತ್ತದೆ.

ಇಷ್ಟಾಗಿಯೂ ಬೇಕು ಅನ್ನಿಸಿದರೆ ಮದುವೆ ವಿಡಿಯೋ ಮಾಡುವವರಲ್ಲಿ ವಿಚಾರಿಸಿ, ಅವರಲ್ಲಿ ಹಲವರ ಬಳಿ ಒಂದು ರೆಕಾರ್ಡರ್ ಇರುತ್ತದೆ. ಒಂದು ಕೂಟಕ್ಕೆ ಎರವಲು ತಂದು ಫೋನಿನ ಪಕ್ಕದಲ್ಲೇ ಇಡಿ. ಮನೆಯಲ್ಲಿ ಎರಡನ್ನೂ ಕೇಳುವಾಗ ಮೊದಲು ಗಟ್ಟಿತನ ಸಮ ಮಾಡಿಕೊಳ್ಳಿ, ಗಟ್ಟಿಯಾಗಿ ಕೇಳಿದ್ದೇ ಚೆಂದ ಅನ್ನಿಸುವುದು ಕಿವಿಯ ಸ್ವಭಾವ. ಕೇಳಬೇಕಾದದ್ದು ಚೆಂಡೆ ನಿಂತು ಮಾತು ಶುರುವಾಗುವ ಜಾಗಗಳನ್ನು.