ಅತ್ತೆಯ ಜೊತೆಗೆ ನಡೆಯುವ ರೇಡಿಯೊ

ಗ್ಲಾಕೋಮಾದಿಂದ ನಮ್ಮ ಅತ್ತೆಯ ಎರಡೂ ಕಣ್ಣು ಹೋಗಿ ಮೂರು ವರ್ಷವಾಯಿತು. ಮೂಡಿಗೆರೆ ತಾಲ್ಲೂಕಿನ ಈ ತೋಟದ ಮನೆಗೆ ಅವರು ಸೊಸೆಯಾಗಿ ಬಂದದ್ದು ಹದಿನೆಂಟನೆಯ ವಯಸ್ಸಿನಲ್ಲಿ. ಯಾವ ಹೊಸಿಲು ಎಷ್ಟು ಎತ್ತರ, ಯಾವ ಕಂಬ ಎಲ್ಲಿ ಎಂಬುದು ಅವರ ಕಾಲಿಗೆ ಗೊತ್ತು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗೋಡೆಯ ಮೇಲೆ. ಟ್ರಾನ್ಸಿಸ್ಟರ್ ಹಿಡಿಯಲು ಮೂರನೆಯ ಕೈ ಇಲ್ಲ. ಬೆಳಗಿನ ಆಕಾಶವಾಣಿ ಕೇಳದಿದ್ದರೆ ಅವರಿಗೆ ದಿನವೇ ಶುರುವಾಗುವುದಿಲ್ಲ. ಅದಕ್ಕೇ ಜಗಲಿ, ನಡುಮನೆ, ಅಡುಗೆಮನೆ, ಹಿಂದಿನ ಪಡಸಾಲೆ ಎಂದು ನಾಲ್ಕು ಕಡೆ ಸ್ಮಾರ್ಟ್ ಸ್ಪೀಕರ್ ಇಟ್ಟು ಒಂದು ಗುಂಪು ಮಾಡಿದೆ. ಬೆಳಿಗ್ಗೆ 6ಕ್ಕೆ ತಾನಾಗಿಯೇ ಶುರುವಾಗಬೇಕು, ಅವರು ಎಲ್ಲಿಗೆ ಹೋದರೂ ಅದೇ ದನಿ ಅಲ್ಲಿ ಕೇಳಿಸಬೇಕು. ಅಷ್ಟೇ ನನ್ನ ಆಸೆ.

ಒಂದು ವಾರವೂ ನೆಟ್ಟಗೆ ನಡೆಯಲಿಲ್ಲ. ಒಂದು ಬೆಳಿಗ್ಗೆ ನಡುಮನೆಗೂ ಅಡುಗೆಮನೆಗೂ ನಡುವಿನ ಬಾಗಿಲಲ್ಲಿ ಅತ್ತೆ ಚೌಕಟ್ಟು ಹಿಡಿದು ನಿಂತುಬಿಟ್ಟಿದ್ದರು. "ಇವರು ಯಾಕಮ್ಮ ಎರಡೆರಡು ಸಲ ಹೇಳುತ್ತಿದ್ದಾರೆ? ಅಡುಗೆಮನೆ ಯಾವ ಕಡೆ ಅಂತಲೇ ಗೊತ್ತಾಗುತ್ತಿಲ್ಲ," ಎಂದರು. ಹೋಗಿ ಪಕ್ಕದಲ್ಲಿ ನಿಂತು ಕೇಳಿದೆ. ನಡುಮನೆಯಲ್ಲಿ ವಾರ್ತೆ ಓದುವವರು ಒಂದು ಮಾತು ಮುಗಿಸುವಷ್ಟರಲ್ಲಿ ಅಡುಗೆಮನೆಯ ಸ್ಪೀಕರ್ ಅದೇ ಮಾತನ್ನು ಆಗಷ್ಟೇ ಶುರು ಮಾಡುತ್ತಿತ್ತು. ಒಂದೇ ಮಾತು ಎರಡು ಕಡೆಯಿಂದ ಸುಮಾರು 50 ಮಿಲಿಸೆಕೆಂಡಿಗಿಂತ ಹೆಚ್ಚು ಅಂತರದಲ್ಲಿ ಬಂದರೆ ಕಿವಿ ಅದನ್ನು ಎರಡು ಮಾತು ಎಂದೇ ಹಿಡಿಯುತ್ತದೆ. ಕಣ್ಣಿರುವವರಿಗೆ ಅದು ಕಿರಿಕಿರಿ. ದನಿಯನ್ನೇ ದಾರಿ ಮಾಡಿಕೊಂಡವರಿಗೆ ದಾರಿಯೇ ತಪ್ಪುತ್ತದೆ. ಅವತ್ತು ಇದನ್ನು ಸರಿ ಮಾಡಿಯೇ ತೀರಬೇಕು ಎಂದು ಕುಳಿತೆ.

ಕೇಳಿದವರೆಲ್ಲ ಹೇಳಿದ್ದು ಒಂದೇ: ಇಂಟರ್ನೆಟ್ ವೇಗ ಹೆಚ್ಚಿಸಿ. 40 ಎಂಬಿಪಿಎಸ್ ಇದ್ದದ್ದನ್ನು 100 ಮಾಡಿಸಿದೆ. ಎಳ್ಳಷ್ಟೂ ವ್ಯತ್ಯಾಸವಾಗಲಿಲ್ಲ, ಆಗುವಂತೆಯೂ ಇರಲಿಲ್ಲ. ಒಳ್ಳೆಯ ಗುಣಮಟ್ಟದ ಸಂಗೀತಕ್ಕೂ ಸೆಕೆಂಡಿಗೆ 320 ಕಿಲೋಬಿಟ್ ಸಾಕು; ರೇಡಿಯೊಗೆ ಅದಕ್ಕಿಂತ ಕಡಿಮೆ. ತೊಂದರೆ ಇದ್ದದ್ದು ಹೊರಗಿನಿಂದ ಮನೆಗೆ ಬರುವ ತಂತಿಯಲ್ಲಲ್ಲ, ಮನೆಯೊಳಗೆ ಸ್ಪೀಕರುಗಳು ಒಂದಕ್ಕೊಂದು ಮಾತಾಡಿಕೊಳ್ಳುವುದರಲ್ಲಿ. ನಮ್ಮಲ್ಲಿರುವ ಬಗೆಯಲ್ಲಿ ಗುಂಪಿನ ಒಂದು ಸ್ಪೀಕರ್ ಮುಂದಾಳಾಗಿ ರೇಡಿಯೊವನ್ನು ತರಿಸಿಕೊಂಡು ಉಳಿದವಕ್ಕೆ ಹಂಚುತ್ತದೆ, ಗಡಿಯಾರವನ್ನೂ ಹೊಂದಿಸುತ್ತದೆ. ಆ ಹಂಚಿಕೆ ವೈಫೈ ಮೇಲೆಯೇ ನಡೆಯಬೇಕು. ಇದು ಗೊತ್ತಾದ ಮೇಲೆ ವೇಗ ಅಳೆಯುವ ಆ್ಯಪ್ ತೆರೆಯುವುದನ್ನೇ ಬಿಟ್ಟು, ಸಿಗ್ನಲ್ ಬಲ ತೋರಿಸುವ ಆ್ಯಪ್ ಹಾಕಿಕೊಂಡೆ.

ತೋಟದ ಕೂಲಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಮನೆಯ ನಕ್ಷೆ ಬರೆದು, ಒಂದೊಂದು ಸ್ಪೀಕರಿನ ಪಕ್ಕದಲ್ಲೇ, ಅದರ ಎತ್ತರದಲ್ಲೇ ಮೊಬೈಲ್ ಹಿಡಿದು ಅಂಕಿ ಗುರುತು ಮಾಡಿದೆ. ಸಿಗ್ನಲ್ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ; ಮೈನಸ್ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ರೂಟರ್ ಇರುವ ಜಗಲಿಯಲ್ಲಿ ಮೈನಸ್ 48 ಡಿಬಿಎಂ, ನಡುಮನೆಯಲ್ಲಿ ಮೈನಸ್ 66, ಅಡುಗೆಮನೆಯಲ್ಲಿ ಮೈನಸ್ 83. ಪಡಸಾಲೆಯಲ್ಲಿ ಒಮ್ಮೊಮ್ಮೆ ಸಿಗ್ನಲ್ಲೇ ಇಲ್ಲ. ಈ ಅಂಕಿ 10 ಇಳಿದರೆ ಬಲ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಜಗಲಿಗೆ ಹೋಲಿಸಿದರೆ ಅಡುಗೆಮನೆಗೆ ತಲುಪುತ್ತಿದ್ದದ್ದು ಸುಮಾರು 3 ಸಾವಿರದ ಒಂದು ಪಾಲು. ನಡುವೆ ಎರಡೆರಡು ಅಡಿ ದಪ್ಪದ ಎರಡು ಮಣ್ಣಿನ ಗೋಡೆಗಳಿವೆ. ನೀರು ವೈಫೈ ತರಂಗಗಳನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಗೋಡೆಗಳು ಕೈಯಿಟ್ಟರೆ ತಣ್ಣಗೆ ಹಸಿಯಾಗಿರುತ್ತವೆ. ಅಡುಗೆಮನೆಯ ಸ್ಪೀಕರನ್ನು ನಾನೇ ಸ್ಟೀಲ್ ಡಬ್ಬಗಳ ಸಾಲಿನ ಹಿಂದೆ ಇಟ್ಟಿದ್ದೆ. ಒಂದು ಮೊಳ ಈಚೆಗೆ, ಬರಿಯ ಹಲಗೆಯ ಮೇಲೆ ಇಟ್ಟದ್ದಕ್ಕೆ 83 ಇದ್ದದ್ದು 77ಕ್ಕೆ ಬಂತು. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಕೊಳ್ಳುವ ಮುಂಚೆ ಅಳೆಯಿರಿ, ಅಳೆದ ಮೇಲೆ ಜಾಗ ಬದಲಿಸಿ ನೋಡಿ.

ಆದರೆ 77 ಸಾಲದು. ಇಂಥ ಕೆಲಸಕ್ಕೆ ಮೈನಸ್ 67ರ ಆಸುಪಾಸಾದರೂ ಬೇಕು. ಗಾಳಿಯಲ್ಲೇ ಸಿಗ್ನಲ್ ಹಿಡಿದು ಗಾಳಿಯಲ್ಲೇ ದಾಟಿಸುವ ಎಕ್ಸ್‌ಟೆಂಡರ್ ನನಗೆ ಬೇಡವಾಗಿತ್ತು. ಬಹುಪಾಲು ಅಗ್ಗದವು ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ರೇಡಿಯೊ ಬಳಸುವುದರಿಂದ ಅರ್ಧ ಸಮಯ ಅದರಲ್ಲೇ ಕಳೆದುಹೋಗುತ್ತದೆ. ತಂತಿಯೇ ಎಳೆಯುವುದೆಂದು ತೀರ್ಮಾನಿಸಿ ಚಿಕ್ಕಮಗಳೂರಿನಿಂದ 30 ಮೀಟರ್ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ತಂದೆ. ಗೋಡೆ ಕೊರೆಯಲು ಮಾವ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಮುಚ್ಚಿಗೆಯ ಮೇಲೆ ಹತ್ತಿ ನೋಡಿದರೆ ತೊಲೆ ಗೋಡೆಗೆ ಕೂರುವ ಕಡೆ ಬೆರಳು ತೂರುವಷ್ಟು ಸಂದು ಇತ್ತು. ಆ ಸಂದಿನಲ್ಲೇ ಎಳೆದೆವು. ಅಟ್ಟದಲ್ಲಿ ಇಲಿಗಳ ಕಾಟ ಇರುವುದರಿಂದ ಕೇಬಲ್ ಉದ್ದಕ್ಕೂ ಪಿವಿಸಿ ಪೈಪಿನೊಳಗೇ ಹೋಗಿದೆ. ಇದರಲ್ಲಿ ಜಿಪುಣತನ ಮಾಡಬಾರದು.

ಆ ತುದಿಗೆ ಮೈದುನನ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಹಳೆಯ ರೂಟರ್ ಹಾಕಿದೆ. ಅಡುಗೆಮನೆಯಲ್ಲಿ ಸಿಗ್ನಲ್ ಮೈನಸ್ 52. ಸಂತೋಷಪಟ್ಟು ಆ್ಯಪ್ ತೆರೆದರೆ ಅಡುಗೆಮನೆ ಮತ್ತು ಪಡಸಾಲೆಯ ಸ್ಪೀಕರುಗಳು ಗುಂಪಿನಲ್ಲೇ ಇಲ್ಲ! ಮೊಬೈಲನ್ನು ಎರಡೂ ಕಡೆ ಜೋಡಿಸಿ, ರೂಟರ್ ಅದಕ್ಕೆ ಕೊಡುವ ಅಂಕಿಯ ವಿಳಾಸ ನೋಡಿದಾಗ ಕಾರಣ ತಿಳಿಯಿತು. ಜಗಲಿಯಲ್ಲಿ 192.168.1ರಿಂದ ಶುರುವಾಗುವ ವಿಳಾಸ, ಅಡುಗೆಮನೆಯಲ್ಲಿ 192.168.0ರಿಂದ. ಹಳೆಯ ರೂಟರ್ ತಾನೇ ಯಜಮಾನ ಎಂದುಕೊಂಡು ಬೇರೆ ಸಂಸಾರ ಹೂಡಿತ್ತು. ಒಂದೇ ಮನೆಯೊಳಗೆ ಎರಡು ನೆಟ್‌ವರ್ಕ್ ಆದರೆ ಸ್ಪೀಕರುಗಳು ಒಂದನ್ನೊಂದು ಹುಡುಕುವ ಕೂಗು ಗಡಿ ದಾಟುವುದಿಲ್ಲ. ಅದರ ಸೆಟ್ಟಿಂಗಿನಲ್ಲಿ, ಬೇರೆ ನೆಟ್‌ವರ್ಕ್ ಹೂಡದೆ ಇದ್ದದ್ದನ್ನೇ ಮುಂದಕ್ಕೆ ಹಂಚುವ ಆಕ್ಸೆಸ್ ಪಾಯಿಂಟ್ ಮೋಡ್ ಆರಿಸಿ, ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ನಿಲ್ಲಿಸಿದ ಮೇಲೆ ನಾಲ್ಕೂ ಒಂದೇ ಮನೆಯವಾದವು. ಎರಡೂ ರೂಟರುಗಳ ವೈಫೈ ಒಂದಕ್ಕೊಂದು ಅಡ್ಡ ಬರದಂತೆ ಜಗಲಿಯದಕ್ಕೆ ಚಾನೆಲ್ 1, ಒಳಗಿನದಕ್ಕೆ 11 ಕೊಟ್ಟೆ. ನಮಗೆ ಅಕ್ಕಪಕ್ಕದ ಮನೆಗಳಿಲ್ಲ. ಇಲ್ಲಿ ಅಡ್ಡ ಬರುವುದು ನಮ್ಮವೇ ಎರಡು ಪೆಟ್ಟಿಗೆ. ಹಾಸನದಲ್ಲಿರುವ ತಂಗಿಯ ಮನೆಯಲ್ಲಾದರೆ ಸುತ್ತಲಿನ ವೈಫೈಗಳನ್ನೆಲ್ಲ ನೋಡಿಕೊಂಡು 1, 6, 11ರಲ್ಲಿ ಯಾವುದು ಖಾಲಿ ಎಂದು ಹುಡುಕಬೇಕಾಗುತ್ತದೆ.

ಆಮೇಲೆ ಬಂದದ್ದು ನನ್ನನ್ನು ಹತ್ತು ದಿನ ಕಾಡಿದ ತೊಂದರೆ. ಒಳಗಿನ ಎರಡು ಸ್ಪೀಕರುಗಳನ್ನು ಆಫ್ ಮಾಡಿ ಆನ್ ಮಾಡಿದರೆ ಎಲ್ಲ ಸರಿ. ಬೆಳಿಗ್ಗೆ 6ಕ್ಕೆ ಮಾತ್ರ ಮುಂದಿನ ಎರಡೇ ಮಾತಾಡುತ್ತವೆ, ಒಳಗಿನವು ಮೌನ. ಹಾಡುತ್ತಿರುವಾಗ ನಡುವೆ ನಿಲ್ಲುವುದಿಲ್ಲ. ಹೊಸದಾಗಿ ಗುಂಪನ್ನು ಕರೆದರೆ ಸಿಗುವುದಿಲ್ಲ. ಕೊನೆಗೆ ಗಡಿಯಾರ ಹಿಡಿದು ಕುಳಿತೆ. ಆನ್ ಮಾಡಿದ ಮೇಲೆ ಆ್ಯಪಿನಲ್ಲಿ ಕಾಣುತ್ತವೆ, ನಾಲ್ಕೂಕಾಲು ನಿಮಿಷ ಕಳೆಯುತ್ತಿದ್ದಂತೆ ಮಾಯ. ಮೂರು ಸಲ ನೋಡಿದೆ, ಮೂರು ಸಲವೂ ಅಷ್ಟೇ. ಹೀಗೆ ಲೆಕ್ಕ ಹಾಕಿದಂತೆ ಕೆಡುವುದು ಸಿಗ್ನಲಿನ ದೋಷವಲ್ಲ, ಯಾವುದೋ ನಿಯಮ ತನ್ನ ಕೆಲಸ ಮಾಡುತ್ತಿದೆ ಎಂದು ಆಗ ಹೊಳೆಯಿತು.

ಕಾಫಿ ಒಣಗಿಸುವ ಕಣಕ್ಕೆ ಕ್ಯಾಮೆರಾ ಹಾಕಿಸಿದಾಗ ನಮ್ಮ ಮನೆಯವರು ಹಲವು ನೆಟ್‌ವರ್ಕ್ ಕೇಬಲುಗಳನ್ನು ಒಟ್ಟಿಗೆ ಜೋಡಿಸುವ ಒಂದು ಸ್ವಿಚ್ ಪೆಟ್ಟಿಗೆ ತಂದಿದ್ದರು. ಅಟ್ಟದ ಕೇಬಲನ್ನು ನಾನು ಅದಕ್ಕೇ ಚುಚ್ಚಿದ್ದೆ. ಮಾಯವಾಗುತ್ತಿದ್ದವು ಆ ಪೆಟ್ಟಿಗೆಯ ಆಚೆಗಿನ ಎರಡೇ. ಸ್ಪೀಕರುಗಳ ಹುಡುಕಾಟ ಹಳ್ಳಿಯಲ್ಲಿ ಡಂಗುರ ಸಾರಿದಂತೆ ನಡೆಯುತ್ತದೆ. ಇದಕ್ಕೆ ಮಲ್ಟಿಕಾಸ್ಟ್ ಎನ್ನುತ್ತಾರೆ. ಬುದ್ಧಿವಂತ ಸ್ವಿಚ್ಚುಗಳಲ್ಲಿ ಐಜಿಎಂಪಿ ಸ್ನೂಪಿಂಗ್ ಎಂಬ ವ್ಯವಸ್ಥೆ ಇರುತ್ತದೆ. ಯಾವ ಬೀದಿಯಲ್ಲಿ ಕೇಳುವವರು ಇದ್ದಾರೆ ಎಂದು ಅದು ನೆನಪಿಟ್ಟುಕೊಂಡು ಆ ಬೀದಿಗೆ ಮಾತ್ರ ಡಂಗುರ ಬಿಡುತ್ತದೆ. ಆ ನೆನಪು ಉಳಿಯಬೇಕಾದರೆ ಯಾರಾದರೂ ಆಗಾಗ, ಸಾಮಾನ್ಯವಾಗಿ 125 ಸೆಕೆಂಡಿಗೊಮ್ಮೆ, "ಇನ್ನೂ ಇದ್ದೀರಾ?" ಎಂದು ವಿಚಾರಿಸಬೇಕು. ನಮ್ಮ ಮನೆಯಲ್ಲಿ ಹಾಗೆ ವಿಚಾರಿಸುವವರು ಯಾರೂ ಇರಲಿಲ್ಲ. ವಿಚಾರಣೆ ಬರದಿದ್ದರೆ 260 ಸೆಕೆಂಡಿಗೆ, ಅಂದರೆ 4 ನಿಮಿಷ 20 ಸೆಕೆಂಡಿಗೆ, ಸ್ವಿಚ್ ಆ ಹೆಸರನ್ನು ಪಟ್ಟಿಯಿಂದ ಅಳಿಸುತ್ತದೆ. ಸ್ಪೀಕರನ್ನು ಮತ್ತೆ ಆನ್ ಮಾಡಿದಾಗ ಅದು ಹೆಸರು ಕೂಗುತ್ತದೆ, ಇನ್ನೊಂದು ನಾಲ್ಕು ನಿಮಿಷ ಬದುಕುತ್ತದೆ. ಆಫ್ ಮಾಡಿ ಆನ್ ಮಾಡುವುದು ಇಲ್ಲಿ ಪರಿಹಾರವಾಗಿರಲಿಲ್ಲ, ದೋಷವನ್ನು ನನ್ನಿಂದ ಬಚ್ಚಿಡುತ್ತಿತ್ತು.

ಸ್ವಿಚ್ಚಿನ ಪುಟ ತೆರೆದು ಸ್ನೂಪಿಂಗ್ ಗುರುತನ್ನು ತೆಗೆದು ಉಳಿಸಿದೆ. ನಾಲ್ಕಾರು ಉಪಕರಣಗಳ ಮನೆಗೆ ಅದು ಬೇಕಾಗಿಯೇ ಇಲ್ಲ. ಐದು ನಿಮಿಷ ಕಾದೆ, ಹತ್ತು ನಿಮಿಷ ಕಾದೆ. ನಾಲ್ಕೂ ಅಲ್ಲೇ ಇದ್ದವು.

ಉಳಿದದ್ದು ಕರೆಂಟು. ಮಳೆಗಾಲದಲ್ಲಿ ಇಲ್ಲಿ ಅದು ಎಷ್ಟು ಸಲ ಹೋಗಿ ಬರುತ್ತದೆ ಎಂದು ಹೇಳಬೇಕಾಗಿಲ್ಲ. ಕರೆಂಟು ಬಂದಾಗ ರೂಟರಿಗಿಂತ ಮೊದಲೇ ಎದ್ದ ಸ್ಪೀಕರ್ ವಿಳಾಸ ಸಿಗದೆ ಒದ್ದಾಡುತ್ತಿತ್ತು. ರೂಟರುಗಳಿಗೂ ಫೈಬರ್ ಪೆಟ್ಟಿಗೆಗೂ 12 ವೋಲ್ಟಿನ ಚಿಕ್ಕ ಯುಪಿಎಸ್ ಕೊಟ್ಟು, ಸ್ವಿಚ್ಚನ್ನು ಇನ್ವರ್ಟರಿಗೆ ಹಾಕಿ, ಪ್ರತಿ ಸ್ಪೀಕರಿಗೂ ರೂಟರಿನಲ್ಲಿ ಕಾಯಂ ವಿಳಾಸ ಗೊತ್ತುಮಾಡಿದೆ.

ಈಗ ಅತ್ತೆ ಪ್ರದೇಶ ಸಮಾಚಾರ ಕೇಳುತ್ತ ನಡುಮನೆಯಿಂದ ಹೊರಟರೆ ಅಡುಗೆಮನೆಯ ಹೊಸಿಲಲ್ಲಿ ನಿಲ್ಲುವುದಿಲ್ಲ. ಒಂದು ದನಿ ಹಿಂದೆ ಸಣ್ಣಗಾಗುತ್ತ ಇನ್ನೊಂದು ಮುಂದೆ ದೊಡ್ಡದಾಗುತ್ತ ಬರುವುದನ್ನು ಹಿಡಿದು ಸೀದಾ ಪಡಸಾಲೆಯ ಮಣೆಯವರೆಗೆ ಹೋಗಿ ಕೂರುತ್ತಾರೆ. ಮೊನ್ನೆ ಅಲ್ಲೇ ಕುಳಿತು, "ಬಚ್ಚಲಮನೆಗೆ ಹೋದಾಗ ಮಾತ್ರ ಏನೂ ಕೇಳಿಸುವುದಿಲ್ಲ ನೋಡು," ಎಂದರು. ಮೊಬೈಲ್ ಹಿಡಿದು ಹೋಗಿ ನೋಡಿದೆ. ಒಲೆಯ ಪಕ್ಕ, ಹಂಡೆಯ ಎದುರು ಮೈನಸ್ 78. ಇನ್ನೂ ಹದಿನೈದು ಮೀಟರ್ ಕೇಬಲ್ ಬೇಕು. ಈ ಸೋಮವಾರ ಪೇಟೆಗೆ ಹೋದಾಗ ತರುತ್ತೇನೆ.