ಒಂಬತ್ತು ಮಳೆಗಾಲ ನಿಂತಿದ್ದ ಪದ್ಮಿನಿ

ಅಪ್ಪನ 1995ರ ಪ್ರೀಮಿಯರ್ ಪದ್ಮಿನಿ ಕಾರು ಮುಂಬೈ ಗೋರೆಗಾಂವ್‌ನ ನಮ್ಮ ಸೊಸೈಟಿ ಕಾಂಪೌಂಡಲ್ಲಿ ಟಾರ್ಪಾಲ್ ಹೊದ್ಕೊಂಡು 9 ಮಳೆಗಾಲ ಕಳೆದಿತ್ತು. ಗುಜರಿಗೆ ಹಾಕು ಮಾರಾಯ ಅಂತ ಅಮ್ಮ ಹೇಳ್ತಾನೇ ಇದ್ರು, ಹೋದ ಡಿಸೆಂಬರಲ್ಲಿ ರಜೆ ಹಾಕಿ ನಾನೇ ಕೈ ಹಾಕಿದೆ.

ಹೊಸ ಬ್ಯಾಟರಿ ತಂದು ಸೀದಾ ಸೆಲ್ಫ್ ಹೊಡೆಯೋದು ಮಾತ್ರ ಬೇಡ, ಪಿಸ್ಟನ್ ರಿಂಗ್ ತುಕ್ಕಿಗೆ ಅಂಟಿದ್ರೆ ಮುರಿದೇ ಹೋಗ್ಬಹುದು. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರ್‌ಗೆ ಎರಡೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಬಿಟ್ಟೆ. ಆಮೇಲೆ ಎಂಜಿನ್ ಕೈಯಲ್ಲೇ ತಿರುಗಿಸೋಕೆ ಕ್ರ್ಯಾಂಕ್ ಪುಲ್ಲಿ ನಟ್‌ಗೆ ಪಾನಾ ಹಾಕಿ ತಿರುಗಿಸಿದ್ರೆ ಮೊದಲು ಜಪ್ಪಯ್ಯ ಅನ್ಲಿಲ್ಲ, ಇನ್ನೊಂಚೂರು ಬಲ ಹಾಕಿದಾಗ ಕಿರ್ ಅಂತ ಸದ್ದು, ಪ್ಲಗ್ ತೂತಿಂದ ಆಯಿಲ್ ಚಿಮ್ಮಿ ಅಂಗಿ ಪೂರಾ ಹಾಳು. ಅವತ್ತು ಆದಷ್ಟು ಖುಷಿ ಎಂಜಿನ್ ಸ್ಟಾರ್ಟ್ ಆದ ದಿನವೂ ಆಗ್ಲಿಲ್ಲ.

ನಾನು ಎಡವಿದ್ದು ಪೆಟ್ರೋಲಲ್ಲಿ. ಟ್ಯಾಂಕಲ್ಲಿ ಉಳಿದಿದ್ದು ಕಾಫಿ ಡಿಕಾಕ್ಷನ್ ಬಣ್ಣ, ಹಳೇ ವಾರ್ನಿಶ್ ವಾಸನೆ, ಆದ್ರೂ ಬಟ್ಟೇಲಿ ಸೋಸಿ ಹಾಕಿದೆ ನೋಡಿ, ಎರಡು ಸಲ ಕೆಮ್ಮಿ ನಿಂತೋಯ್ತು. ಕಾರ್ಬ್ಯುರೇಟರ್ ಬಿಚ್ಚಿ ಮೇನ್ ಜೆಟ್ (ಪೆಟ್ರೋಲ್ ಹಾಯೋ ಸಣ್ಣ ತೂತಿನ ತುಂಡು) ಬೆಳಕಿಗೆ ಹಿಡಿದ್ರೆ ತೂತೇ ಕಾಣ್ಲಿಲ್ಲ, ಗೋಂದು ಗಟ್ಟಿಯಾಗಿತ್ತು. ತಂತಿ ಚುಚ್ಚಬೇಡಿ, ಜೆಟ್ ಹಿತ್ತಾಳೆದು, ತೂತು ದೊಡ್ಡದಾಗುತ್ತೆ. ಕ್ಲೀನರಲ್ಲಿ ನೆನೆಸಿ ಗಾಳಿ ಊದಿ ಸಾಕು. ಪೆಟ್ರೋಲ್ ಪಂಪಿನ ಡಯಾಫ್ರಮ್, ಅಂದ್ರೆ ಒಳಗಿನ ಪರದೆ, ಹಪ್ಪಳದ ಹಾಗಾಗಿತ್ತು, ಕುರ್ಲಾ ಅಲೆದು ತಂದೆ. ಈ ಗಾಡಿ ತಯಾರಾಗ್ತಿದ್ದ ಊರೇ ಅದು, ಆದ್ರೆ 2023ರಲ್ಲಿ ಕಾಲಿ ಪೀಲಿ (ಕಪ್ಪು ಹಳದಿ) ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ಹೋದ್ಮೇಲೆ ಯಾರು ಕೇಳ್ತಾರೆ ಅಂತ ಅಂಗಡಿಯವ್ರು ಗೊಣಗಿದ್ರು.

ಪ್ಲಗ್‌ಗೆ ಕಿಡಿ ಕೊಡ್ಸೋ ಪಾಯಿಂಟ್‌ಗೆ ಪಾಲಿಶ್ ಪೇಪರ್ ಉಜ್ಜಿ, ಆಯಿಲ್ ಬದಲಾಯಿಸಿ, ಟ್ಯಾಂಕ್ ಬಿಟ್ಟು ಬಾಟಲಿಂದ ಹೊಸ ಪೆಟ್ರೋಲ್ ಕೊಟ್ಟೆ, ಚೋಕ್ ಎಳೆದು ಮೂರನೇ ಸಲಕ್ಕೆ ಹತ್ಕೊಳ್ತು. ಹೊಗೆ ನೋಡಿ ವಾಚ್‌ಮನ್ ಬಕೆಟ್ ಹಿಡ್ಕೊಂಡು ಓಡಿಬಂದ.

ಆದ್ರೆ ಗೇರೇ ಬೀಳ್ಲಿಲ್ಲ, ಕ್ಲಚ್ ಪ್ಲೇಟ್ ಎಂಜಿನ್ ಜೊತೆ ತಿರುಗೋ ಫ್ಲೈವೀಲ್‌ಗೆ ಅಂಟಿತ್ತು. ಮುಂದಿನ ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಹಿಂದೆ ಎತ್ತಿ ಸ್ಟ್ಯಾಂಡ್ ಮೇಲಿಟ್ಟು, ಟಾಪ್ ಗೇರಲ್ಲೇ ಸ್ಟಾರ್ಟ್ ಮಾಡಿ ಕ್ಲಚ್ ಒತ್ಕೊಂಡು ಬ್ರೇಕ್ ತುಳಿದೆ, ಟಪ್ ಅಂತ ಬಿಟ್ಕೊಳ್ತು. ಬ್ರೇಕಿನ ವೀಲ್ ಸಿಲಿಂಡರ್ ಎಲ್ಲ ಹೊಸದು ಹಾಕಿಸಿದೆ, ಬ್ರೇಕಲ್ಲಿ ಜುಗ್ಗತನ ಬೇಡ.

ಆರ್‌ಸಿ ಇನ್ನೂ ರಿನ್ಯೂ ಆಗಿಲ್ಲ, ಗೇಟ್ ದಾಟೋ ಹಾಗಿಲ್ಲ. ಅದಕ್ಕೇ ಭಾನುವಾರ ಕಾಂಪೌಂಡಲ್ಲೇ ಎರಡು ರೌಂಡು, ಗುಜರಿಗೆ ಹಾಕು ಅಂದ ಅಮ್ಮನೇ ಮುಂದಿನ ಸೀಟಲ್ಲಿ.